ರಜೆಗೆ ಕಾಯದ ಹಲ್ಲು

ಸೌದಿಯ ವೀಸಾ ಕೈಗೆ ಬರುವ ವಯಸ್ಸೂ ಬುದ್ಧಿಹಲ್ಲು ಹುಟ್ಟುವ ವಯಸ್ಸೂ ಹೆಚ್ಚುಕಡಿಮೆ ಒಂದೇ. ಹದಿನೇಳರಿಂದ ಇಪ್ಪತ್ತೈದರೊಳಗೆ ಹಲ್ಲು ಬರುತ್ತದೆ. ಐಟಿಐ, ಡಿಪ್ಲೊಮಾ, ಬಿ.ಕಾಂ. ಮುಗಿಸಿದ ಮಂಗಳೂರು, ಉಡುಪಿ, ಭಟ್ಕಳದ ಹುಡುಗರು ದಮ್ಮಾಮ್, ಜುಬೈಲ್, ರಿಯಾದ್, ಜೆಡ್ಡಾಗಳಲ್ಲಿ ಬಂದಿಳಿಯುವುದೂ ಆ ಹೊತ್ತಿಗೇ. ಊರಿನಲ್ಲಿದ್ದಾಗ ಸುಮ್ಮನಿದ್ದ ದವಡೆಯ ಮೂಲೆ ಇಲ್ಲಿಗೆ ಬಂದ ಮೇಲೆ ತಕರಾರು ತೆಗೆಯುತ್ತದೆ. ಒಂದು ರಾತ್ರಿ ಕೆನ್ನೆ ಊದಿಕೊಳ್ಳುತ್ತದೆ, ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ, ಗುಟುಕು ನೀರು ನುಂಗಿದರೂ ಕಿವಿಯವರೆಗೆ ಚಳಕು ಹೊಡೆಯುತ್ತದೆ. ರೂಮಿನವರು ಲವಂಗ ಕೊಡುತ್ತಾರೆ, ಉಪ್ಪುನೀರು ಮುಕ್ಕಳಿಸು ಎನ್ನುತ್ತಾರೆ. ಫೋನಿನಲ್ಲಿ ಅಮ್ಮ, "ಅಲ್ಲಿ ಕೀಳಿಸ್ಬೇಡ ಮಗಾ, ರಜೆಗೆ ಬಾ, ನಮ್ಮ ಡಾಕ್ಟ್ರಿಗೇ ತೋರಿಸುವ" ಎನ್ನುತ್ತಾರೆ. ನಾಲ್ಕೈದು ದಿನಕ್ಕೆ ನೋವು ಇಳಿಯುತ್ತದೆ. ಸಂಗತಿ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ನಂಬಿಬಿಡುತ್ತಾರೆ.

ಮುಗಿದಿರುವುದಿಲ್ಲ. ಆ ಹಲ್ಲಿಗೆ ಹೊರಬರಲು ಜಾಗವೇ ಇಲ್ಲದಿದ್ದರೆ ನೋವು ಮತ್ತೆ ಬರುತ್ತದೆ. ಬರುವ ದಿನವನ್ನು ಅದು ನಮ್ಮ ರಜೆಯ ಅರ್ಜಿ ನೋಡಿ ಗೊತ್ತುಮಾಡುವುದಿಲ್ಲ. ಕಾರ್ಖಾನೆ ನಿಲ್ಲಿಸಿ ದುರಸ್ತಿ ಮಾಡುವ ಶಟ್‌ಡೌನ್ ನಡೆಯುತ್ತಿರುವಾಗ, ಹನ್ನೆರಡು ಗಂಟೆಯ ಪಾಳಿಯ ನಡುವೆ ಬಂದೀತು. ತಂಗಿಯ ಮದುವೆಗೆಂದು ಊರಿಗೆ ಹೊರಡುವ ಹಿಂದಿನ ದಿನವೇ ಬಂದೀತು.

ಬುದ್ಧಿಹಲ್ಲು ಎಂದರೆ ಮೂರನೇ ದವಡೆಹಲ್ಲು, ಸಾಲಿನಲ್ಲಿ ಕೊನೆಯದು. ಅದು ಹುಟ್ಟುವ ಹೊತ್ತಿಗೆ ಉಳಿದ ಹಲ್ಲುಗಳೆಲ್ಲ ತಮ್ಮ ತಮ್ಮ ಜಾಗ ಹಿಡಿದಾಗಿರುತ್ತದೆ. ಕೆಳದವಡೆಯ ಮೂಳೆ ಹಿಂದಕ್ಕೆ ಹೋಗಿ ಕಿವಿಯ ಕಡೆಗೆ ಮೇಲೇಳುವ ತಿರುವಿನಲ್ಲಿ ಜಾಗ ಸಾಲದಿದ್ದರೆ ಈ ಹಲ್ಲು ಅರ್ಧ ಎದ್ದು ನಿಲ್ಲುತ್ತದೆ, ಇಲ್ಲವೇ ಮೂಳೆಯೊಳಗೇ ಉಳಿದುಬಿಡುತ್ತದೆ. ಕ್ಲಿನಿಕ್‌ನಲ್ಲಿ ಗಲ್ಲವನ್ನು ಯಂತ್ರದ ಮೇಲಿಟ್ಟು ನಿಲ್ಲಿಸಿ, ತಲೆಯ ಸುತ್ತ ಒಂದು ಸುತ್ತು ತಿರುಗಿ ತೆಗೆಯುವ ಎಕ್ಸ್‌ರೇಗೆ ಓಪಿಜಿ ಎನ್ನುತ್ತಾರೆ. ಎರಡೂ ದವಡೆಯ ಎಲ್ಲ ಹಲ್ಲುಗಳೂ ಅದರಲ್ಲಿ ಒಂದೇ ಸಾಲಿಗೆ ಕಾಣುತ್ತವೆ. ಉಳಿದವೆಲ್ಲ ನೆಟ್ಟಗೆ ನಿಂತಿರುವಾಗ ಕೊನೆಯದು ಮಾತ್ರ, ಮಂಗಳೂರಿನ ರಾತ್ರಿ ಬಸ್ಸಿನ ಹಿಂದಿನ ಸೀಟಿನಲ್ಲಿ ಪಕ್ಕದವರ ಹೆಗಲಿಗೆ ಒರಗಿ ಮಲಗಿದ ಪ್ರಯಾಣಿಕನ ಹಾಗೆ, ಮುಂದಿನ ಹಲ್ಲಿನ ಮೇಲೆ ವಾಲಿಕೊಂಡಿರುತ್ತದೆ. ಕೆಲವರಲ್ಲಿ ಪೂರ್ತಿ ಅಡ್ಡ ಮಲಗಿರುತ್ತದೆ, ಕೆಲವರಲ್ಲಿ ಹಿಂದಕ್ಕೆ ಬಾಗಿರುತ್ತದೆ. ಇನ್ನು ಕೆಲವು ಅದೃಷ್ಟವಂತರಿಗೆ ಈ ಹಲ್ಲು ಹುಟ್ಟುವುದೇ ಇಲ್ಲ.

ಇದೇನೂ ಅಪರೂಪವಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2016ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಸುಮಾರು 24% ಜನರಲ್ಲಿ ಒಂದಾದರೂ ಬುದ್ಧಿಹಲ್ಲು ಹೀಗೆ ಸಿಕ್ಕಿಕೊಂಡಿರುತ್ತದೆ. ಜೆಡ್ಡಾದ ಕಿಂಗ್ ಅಬ್ದುಲ್ ಅಜೀಜ್ ವಿಶ್ವವಿದ್ಯಾಲಯದಲ್ಲಿ 1,039 ಓಪಿಜಿಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರಮಾಣ 40.5% ಇತ್ತು. ಹಲ್ಲಿನ ಆಸ್ಪತ್ರೆಗೆ ಬಂದವರ ಎಕ್ಸ್‌ರೇಗಳಲ್ಲಿ ಸಿಕ್ಕ ಸಂಖ್ಯೆಯನ್ನು ಊರಿಗೆಲ್ಲ ಅನ್ವಯಿಸುವಂತಿಲ್ಲ, ನಿಜ. ಆದರೂ ಹತ್ತು ಜನರ ಕ್ಯಾಂಪ್ ರೂಮಿನಲ್ಲಿ ಇಬ್ಬರು ಮೂವರು ಇಂಥ ಹಲ್ಲಿನವರಿದ್ದರೆ ಅಚ್ಚರಿ ಪಡಬೇಕಿಲ್ಲ.

ಮೊದಲ ಸಲ ಬರುವ ನೋವು ಸಾಮಾನ್ಯವಾಗಿ ಹಲ್ಲಿನದಲ್ಲ, ಒಸಡಿನದು. ಅರ್ಧ ಎದ್ದ ಹಲ್ಲಿನ ಮೇಲೆ ಒಸಡಿನ ಒಂದು ಪದರ ಮುಚ್ಚಳದಂತೆ ಉಳಿದಿರುತ್ತದೆ. ಅದರಡಿ ಅನ್ನದ ಅಗುಳು, ಮಾಂಸದ ನಾರು, ಖುಬ್ಬೂಸ್ ರೊಟ್ಟಿಯ ಚೂರು ಹೋಗಿ ಕೂರುತ್ತವೆ. ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ಮಿಸ್ವಾಕ್ ಕಡ್ಡಿ ಎಷ್ಟೇ ಒಳ್ಳೆಯದಾಗಿರಲಿ, ಆ ಮೂಲೆಯಲ್ಲಿ ಅದರದೂ ಆಟ ನಡೆಯುವುದಿಲ್ಲ. ಒಸಡು ಊದುತ್ತದೆ, ಊದಿದ ಒಸಡನ್ನು ಮೇಲಿನ ಹಲ್ಲು ಕಚ್ಚುತ್ತದೆ, ಕಚ್ಚಿದ್ದಕ್ಕೆ ಇನ್ನಷ್ಟು ಊದುತ್ತದೆ. ಆಂಟಿಬಯೋಟಿಕ್ ತಿಂದರೆ ಬಾವು ಇಳಿದೀತು. ಆದರೆ ಮುಚ್ಚಳ ಅಲ್ಲೇ, ಸಂದು ಅಲ್ಲೇ. ಮುಂದಿನ ತಿಂಗಳ ಅನ್ನವೂ ಅಲ್ಲಿಗೇ.

ಹಿಂದೆ ಇಲ್ಲಿನ ಔಷಧಿ ಅಂಗಡಿಯಲ್ಲಿ ಹಲ್ಲು ನೋವು ಎಂದು ಕೆನ್ನೆ ತೋರಿಸಿದರೆ ಸಾಕು, ಅಮಾಕ್ಸಿಸಿಲಿನ್ ಪೊಟ್ಟಣ ಕೈಗೆ ಬರುತ್ತಿತ್ತು. 2018ರಿಂದ ಸರ್ಕಾರ ಬಿಗಿ ಮಾಡಿದೆ. ವೈದ್ಯರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರಿದರೆ ಒಂದು ಲಕ್ಷ ರಿಯಾಲ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಹಾಗಾಗಿ ಈಗ ಮಾತ್ರೆಗಳು ಊರಿನಿಂದ ಸೂಟ್‌ಕೇಸಿನಲ್ಲಿ ಬರುತ್ತವೆ, ಹಲಸಿನ ಹಪ್ಪಳದ ಪಕ್ಕದಲ್ಲೇ. ಒಬ್ಬ ತಂದದ್ದನ್ನು ಮೂವರು ಹಂಚಿಕೊಂಡು ಎರಡೆರಡು ದಿನ ನುಂಗುವುದೂ ಉಂಟು. ರೋಗ ಹೋಗದೆ ರೋಗಾಣು ಗಟ್ಟಿಯಾಗುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇನ್ನೂ ಅಪಾಯದ ಮಾತೆಂದರೆ ನೋವಿನ ಮಾತ್ರೆ. ಟ್ರಮಡಾಲ್, ಕೊಡೀನ್ ಇರುವ ಮಾತ್ರೆಗಳು ಇಲ್ಲಿ ನಿಯಂತ್ರಿತ ಔಷಧಿಗಳು. ಸರಿಯಾದ ಕಾಗದಪತ್ರವಿಲ್ಲದೆ ತಂದು ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಹಲ್ಲುನೋವು ಮರೆತೇ ಹೋಗುವಷ್ಟು ದೊಡ್ಡ ತಲೆನೋವು ಶುರುವಾಗುತ್ತದೆ.

ಇಷ್ಟಾದರೂ ಒಸಡಿನ ನೋವು ಬುದ್ಧಿಹಲ್ಲು ತೆಗೆಸಲು ಬಹಳ ದೊಡ್ಡ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಒಂದು ಸಲ ಬಂದು ಹೋದದ್ದಾದರೆ ಚೊಕ್ಕ ಮಾಡಿಸಿಕೊಂಡು ಕಾದು ನೋಡಬಹುದು. ನಿಜವಾಗಿ ಹೆದರಬೇಕಾದದ್ದು ನೋವೇ ಇಲ್ಲದೆ ನಡೆಯುವ ಇನ್ನೊಂದು ಕೆಲಸಕ್ಕೆ. ವಾಲಿದ ಬುದ್ಧಿಹಲ್ಲಿಗೂ ಅದರ ಮುಂದಿನ ದವಡೆಹಲ್ಲಿಗೂ ನಡುವೆ ಒಂದು ಇಕ್ಕಟ್ಟಾದ ಸಂದು ಇರುತ್ತದಲ್ಲ, ಅಲ್ಲಿ ಆಹಾರ ಕೊಳೆತು ಮುಂದಿನ ಹಲ್ಲಿನ ಬೆನ್ನಿಗೆ ಹುಳುಕು ಹತ್ತುತ್ತದೆ. ಕನ್ನಡಿಯಲ್ಲಿ ಕಾಣುವುದಿಲ್ಲ. ನಾಲಗೆಗೆ ಸಿಗುವುದಿಲ್ಲ. ಒಸಡಿನ ಗೆರೆಗಿಂತ ಕೆಳಗೆ, ಬೇರಿನ ಮಗ್ಗುಲಿನಲ್ಲಿ ಅದು ಒಳಗೆ ಹೋಗುತ್ತದೆ. ಜುಮ್ಮೆನ್ನಲು ಶುರುವಾಗುವ ಹೊತ್ತಿಗೆ ನರದವರೆಗೆ ತಲುಪಿರುತ್ತದೆ.

ನಷ್ಟ ಯಾರದು ನೋಡಿ. ಬುದ್ಧಿಹಲ್ಲು ಇದ್ದರೂ ಹೋದರೂ ನಮ್ಮ ಊಟಕ್ಕೆ ಏನೂ ಆಗುವುದಿಲ್ಲ. ಅದರ ಮುಂದಿನದು ಮಾತ್ರ ಜೀವನಪರ್ಯಂತ ಅಗಿಯಬೇಕಾದ ಹಲ್ಲು. ಅದಕ್ಕೆ ರೂಟ್ ಕೆನಾಲ್, ಮೇಲೊಂದು ಕ್ಯಾಪ್. ಹುಳುಕು ತೀರಾ ಕೆಳಗಿದ್ದರೆ ಅದೂ ನಿಲ್ಲದೆ ಎರಡು ಹಲ್ಲುಗಳನ್ನೂ ಕೀಳಬೇಕಾಗುತ್ತದೆ. ಆದ್ದರಿಂದ ಡಾಕ್ಟರು ಓಪಿಜಿ ತೋರಿಸಿ ಬುದ್ಧಿಹಲ್ಲಿನ ಬಗ್ಗೆ ಮಾತಾಡುತ್ತಿರುವಾಗ ಅವರನ್ನು ಕೇಳಬೇಕಾದ ಮೊದಲ ಪ್ರಶ್ನೆ, "ಪಕ್ಕದ ಹಲ್ಲು ಹೇಗಿದೆ?" ಅದಕ್ಕೆ ಪೆಟ್ಟು ಬೀಳಲು ಆರಂಭವಾಗಿದ್ದರೆ, ಇನ್ನು ಊರಿನ ಡಾಕ್ಟ್ರು, ಮುಂದಿನ ರಜೆ ಎನ್ನುವ ಲೆಕ್ಕಗಳನ್ನು ಬದಿಗಿಡಬೇಕು.

ಬೇರೆ ಕಾರಣಗಳೂ ಇವೆ. ಮೂಳೆಯೊಳಗೇ ಉಳಿದ ಹಲ್ಲಿನ ತಲೆಯ ಸುತ್ತ ನೀರಿನ ಚೀಲದಂತೆ ಸಿಸ್ಟ್ ಬೆಳೆಯುವುದುಂಟು. ಅದು ಅಪರೂಪ, ಆದರೆ ಬೆಳೆದರೆ ದವಡೆಯ ಮೂಳೆಯನ್ನು ತಿನ್ನುತ್ತ ಹೋಗುತ್ತದೆ, ಬಹುಕಾಲ ಒಂದಿಷ್ಟೂ ನೋಯದೆ. ಇನ್ನೊಂದು, ಸೋಂಕು ಕೆಳಗಿಳಿಯುವುದು. ಕೆಳದವಡೆಯ ಹಿಂದಿನ ಹಲ್ಲುಗಳ ಬೇರು ನಾಲಗೆಯ ಅಡಿಯ, ಗಂಟಲಿನ ಕಡೆಯ ಜಾಗಗಳಿಗೆ ಹತ್ತಿರ. ಅಲ್ಲಿಗೆ ಕೀವು ಹರಿದರೆ ಗಲ್ಲದ ಕೆಳಭಾಗ ಕಲ್ಲಿನಂತೆ ಗಟ್ಟಿಯಾಗಿ ಊದಿ, ನಾಲಗೆ ಮೇಲೆದ್ದು, ಉಸಿರಾಟಕ್ಕೇ ತೊಂದರೆಯಾಗುತ್ತದೆ. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದ ಈ ಸ್ಥಿತಿಗೆ ಇಂದೂ ಅವನದೇ ಹೆಸರಿದೆ. ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಜ್ವರವಿದ್ದು ಉಸಿರು ಕಟ್ಟುತ್ತಿದ್ದರೆ ಅದು ಹಲ್ಲಿನ ಕ್ಲಿನಿಕ್‌ನ ಸರದಿಯಲ್ಲಿ ಕೂರುವ ಕಾಯಿಲೆಯಲ್ಲ. 997ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಬೇಕು.

ಇಷ್ಟನ್ನು ಓದಿ ನಾಳೆಯೇ ನಾಲ್ಕೂ ಹಲ್ಲು ಕೀಳಿಸಿಬಿಡೋಣ ಎಂದು ಹೊರಟರೆ ಅದೂ ತಪ್ಪು. ಪೂರ್ತಿ ಮೂಳೆಯೊಳಗಿದ್ದು ಏನೂ ತೊಂದರೆ ಕೊಡದ ಹಲ್ಲನ್ನು ಮುಂಜಾಗ್ರತೆಗೆಂದು ತೆಗೆಯಬೇಡಿ ಎಂದು ಚಿಕಿತ್ಸೆಗಳ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲೇ ಅಲ್ಲಿನ ವೈದ್ಯರಿಗೆ ಹೇಳಿತು. ಅಮೆರಿಕದಲ್ಲಿ ಹರೆಯದಲ್ಲೇ ತೆಗೆದುಬಿಡುವ ಕಡೆಗೆ ಒಲವು ಹೆಚ್ಚು. ತೊಂದರೆ ಕೊಡದ ಹಲ್ಲನ್ನು ತೆಗೆಯುವುದು ಮೇಲೋ ಬಿಡುವುದು ಮೇಲೋ ಎಂದು ತೀರ್ಮಾನಿಸುವಷ್ಟು ಪುರಾವೆ ಇಲ್ಲ ಎಂದು, ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗುವ ಕಾಕ್ರೇನ್ ಪರಾಮರ್ಶೆಗಳು ಮತ್ತೆ ಮತ್ತೆ ಹೇಳಿವೆ. ಸೌದಿಯ ಪಾಲಿಕ್ಲಿನಿಕ್‌ಗಳಲ್ಲಿ ಈಜಿಪ್ಟಿನವರು, ಸಿರಿಯಾದವರು, ನಮ್ಮ ದೇಶದವರು, ಇಲ್ಲಿಯವರು ಎಲ್ಲರೂ ಇದ್ದಾರೆ, ಬೇರೆ ಬೇರೆ ಶಾಲೆಗಳಲ್ಲಿ ಕಲಿತವರು. ಒಂದು ಕ್ಲಿನಿಕ್ ತೆಗೆಸಿ ಎಂದದ್ದನ್ನು ಇನ್ನೊಂದು ಬಿಡಿ ಎಂದರೆ ಇಬ್ಬರಲ್ಲೊಬ್ಬರು ಮೋಸಗಾರರೇ ಆಗಬೇಕೆಂದಿಲ್ಲ. ಆದರೆ ಮುಂದಿನ ಹಲ್ಲುಗಳು ಸೊಟ್ಟಗಾಗುತ್ತವೆ, ಅದಕ್ಕೇ ಬುದ್ಧಿಹಲ್ಲು ತೆಗೆಸಿ ಎಂದರೆ ಸ್ವಲ್ಪ ತಡೆದು ಯೋಚಿಸಿ. ಬುದ್ಧಿಹಲ್ಲು ತಳ್ಳಿ ಮುಂದಿನ ಹಲ್ಲು ಓರೆಯಾಗುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ನಾಲ್ಕು ಹಲ್ಲಿಗೆ ಇಷ್ಟು ಎಂದು ಆಫರ್ ಹಾಕಿದ ಜಾಹೀರಾತು ನೋಡಿದಾಗ ನನಗಂತೂ ಇಲ್ಲಿನ ಕಿರಾಣಿ ಅಂಗಡಿಯಾದ ಬಕಾಲದ ಮುಂದೆ ಕಟ್ಟಿಟ್ಟ ನೀರಿನ ಬಾಟಲಿಯೇ ನೆನಪಾಗುತ್ತದೆ.

ಇನ್ನು ದುಡ್ಡಿನ ಮಾತು. ಕಂಪನಿಯ ವಿಮೆಯಲ್ಲಿ ಹಲ್ಲಿಗೆ ಪ್ರತ್ಯೇಕ ಮಿತಿ ಇರುತ್ತದೆ, ಶಸ್ತ್ರಚಿಕಿತ್ಸೆಗೆ ಮೊದಲೇ ಅಪ್ರೂವಲ್ ಬೇಕಾಗುತ್ತದೆ. ನೋವು, ಸೋಂಕು, ಪಕ್ಕದ ಹಲ್ಲಿನ ಹುಳುಕು ಏನೇ ಇರಲಿ, ಕಾರಣವನ್ನು ಡಾಕ್ಟರು ಓಪಿಜಿ ಸಮೇತ ಸ್ಪಷ್ಟವಾಗಿ ಬರೆದು ಕಳಿಸಿದರೆ ಕೆಲಸ ಸಲೀಸು. ಕೈಯಿಂದ ಕಟ್ಟುವುದಾದರೆ ಬಿಲ್ಲಿನ ಕೊನೆಯಲ್ಲಿ 15% ವ್ಯಾಟ್ ಕೂತಿರುತ್ತದೆ. ಖಾಸಗಿ ಚಿಕಿತ್ಸೆಯ ಮೇಲಿನ ಆ ತೆರಿಗೆಯನ್ನು ಸೌದಿ ಪ್ರಜೆಗಳ ಪರವಾಗಿ ಸರ್ಕಾರವೇ ಭರಿಸುತ್ತದೆ, ನಮ್ಮದನ್ನು ನಾವೇ ಕಟ್ಟಬೇಕು. ಮಂಗಳೂರು, ಮಣಿಪಾಲ, ದೇರಳಕಟ್ಟೆಯ ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ಇದೇ ಕೆಲಸ ಎಷ್ಟೋ ಕಡಿಮೆ ಖರ್ಚಿನಲ್ಲಿ ಆಗುತ್ತದೆ ಎಂಬುದೂ ನಿಜ. ಹೀಗಾಗಿ ರಜೆಗೆ ಹೋದಾಗ ಎನ್ನುವವರನ್ನು ಬೈಯಲಾರೆ.

ಆದರೆ ಆ ರಜೆಯ ಲೆಕ್ಕವನ್ನೂ ಒಮ್ಮೆ ಹಾಕೋಣ. ಸೌದಿ ಕಾರ್ಮಿಕ ಕಾನೂನಿನ 109ನೇ ವಿಧಿಯ ಪ್ರಕಾರ ವರ್ಷಕ್ಕೆ 21 ದಿನ ಸಂಬಳಸಹಿತ ರಜೆ, ಒಂದೇ ಕಡೆ ಐದು ವರ್ಷ ದುಡಿದರೆ 30 ದಿನ. ಆ ದಿನಗಳಲ್ಲಿ ಮದುವೆ, ಗೃಹಪ್ರವೇಶ, ಆಧಾರ್ ತಿದ್ದುಪಡಿ, ಜಾಗದ ಪಹಣಿ, ಅತ್ತೆ ಮನೆ ಎಲ್ಲ ಆಗಬೇಕು. ಹಲ್ಲಿನ ಸರದಿ ಬರುವುದು ವಾಪಸ್ ವಿಮಾನ ಹತ್ತುವ ಮೂರು ದಿನ ಮೊದಲು. ಹೊಲಿಗೆ ಬಿಚ್ಚಲು ಸಾಮಾನ್ಯವಾಗಿ ಒಂದು ವಾರ ಬೇಕು. ಊತ ಎರಡನೇ ಮೂರನೇ ದಿನ ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ. ಗಾಯದ ಹೆಪ್ಪು ಬಿದ್ದುಹೋಗಿ ಮೂಳೆ ಬರಿದಾಗುವ, ಡಾಕ್ಟರುಗಳು ಡ್ರೈ ಸಾಕೆಟ್ ಎನ್ನುವ ನೋವು ಕಾಣಿಸಿಕೊಳ್ಳುವುದು ಮೂರನೇ ನಾಲ್ಕನೇ ದಿನ, ಎಂದರೆ ಸರಿಯಾಗಿ ದಮ್ಮಾಮ್‌ನಲ್ಲಿ ಇಳಿದ ಮೇಲೆ. ಕಿತ್ತ ಡಾಕ್ಟರು ಅಲ್ಲಿ, ನೋವು ಇಲ್ಲಿ. ಊರಿನಲ್ಲೇ ತೆಗೆಸುವುದಾದರೆ ರಜೆಯ ಮೊದಲ ವಾರದಲ್ಲೇ ತೆಗೆಸಬೇಕು, ಮದುವೆಯ ಬಿರಿಯಾನಿ ತಪ್ಪಿದರೂ ಚಿಂತೆಯಿಲ್ಲ. ಇಲ್ಲೇ ತೆಗೆಸುವುದಾದರೆ 117ನೇ ವಿಧಿ ಇದೆ. ವೈದ್ಯರ ಸರ್ಟಿಫಿಕೇಟ್ ಇದ್ದರೆ ವರ್ಷದಲ್ಲಿ ಮೊದಲ 30 ದಿನದ ಕಾಯಿಲೆ ರಜೆಗೆ ಪೂರ್ತಿ ಸಂಬಳ. ಹಲ್ಲಿಗಾಗಿ ಎರಡು ಮೂರು ದಿನ ಕೇಳುವುದು ಭಿಕ್ಷೆಯಲ್ಲ.

ವಯಸ್ಸಿನ ಮಾತೂ ಇದರೊಳಗಿದೆ. ಇಪ್ಪತ್ತರ ಆಸುಪಾಸಿನಲ್ಲಿ ಬೇರು ಪೂರ್ತಿ ಬೆಳೆದಿರುವುದಿಲ್ಲ, ಮೂಳೆಗೆ ಇನ್ನೂ ಬಾಗುವ ಗುಣ ಇರುತ್ತದೆ. ಮೂವತ್ತೈದು ದಾಟಿದ ಮೇಲೆ ಅದೇ ಹಲ್ಲು ತೆಗೆಯಲು ಹೆಚ್ಚು ಹೊತ್ತು, ಗಾಯ ಮಾಯಲು ಹೆಚ್ಚು ದಿನ. ಆ ಹೊತ್ತಿಗೆ ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳೂ ಜೊತೆಗೂಡಿರುತ್ತವೆ. ಐದು ರಜೆ ಮುಂದೂಡಿದವರು ಕಟ್ಟುವ ಬಡ್ಡಿ ಇದು.

ಆಪರೇಷನ್ ಎಂದರೆ ಹಲವರ ಕಣ್ಣಮುಂದೆ ಬರುವುದು ಇಕ್ಕಳ ಹಿಡಿದು ಎಳೆಯುವ ಚಿತ್ರ. ನಡೆಯುವುದು ಹಾಗಲ್ಲ. ದವಡೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕಾಯುತ್ತಾರೆ. ತುಟಿ ದಪ್ಪಗಾದಂತೆ, ಬೇರೆ ಯಾರದೋ ತುಟಿ ಅಂಟಿಸಿದಂತೆ ಅನ್ನಿಸಿದ ಮೇಲೆ ಒಸಡನ್ನು ಸಣ್ಣಗೆ ಕೊಯ್ದು ಬದಿಗೆ ಸರಿಸುತ್ತಾರೆ. ಹಲ್ಲಿನ ಸುತ್ತಲಿನ ಮೂಳೆಯನ್ನು ಬೇಕಾದಷ್ಟೇ ಕೊರೆಯುತ್ತಾರೆ. ಕೊರೆಯುವಾಗ ಬಿಸಿಯಾಗದಂತೆ ಸಲೈನ್ ನೀರು ಬಿಡುತ್ತಲೇ ಇರುತ್ತಾರೆ, ನರ್ಸ್ ಅದನ್ನು ಕೊಳವೆಯಲ್ಲಿ ಹೀರಿಸುತ್ತಿರುತ್ತಾರೆ. ಆಮೇಲೆ ಹಲ್ಲನ್ನೇ ಎರಡು ಮೂರು ತುಂಡು ಮಾಡುತ್ತಾರೆ. ಇಡಿಯಾಗಿ ಎಳೆಯಬೇಕೆಂದರೆ ಹೆಚ್ಚು ಮೂಳೆ ತೆಗೆಯಬೇಕಾಗುತ್ತದೆ, ತುಂಡು ಮಾಡಿದರೆ ಸಣ್ಣ ಕಿಂಡಿಯಲ್ಲೇ ಒಂದೊಂದಾಗಿ ಹೊರಬರುತ್ತವೆ. ಒತ್ತಿದ್ದು ಗೊತ್ತಾಗುತ್ತದೆ, ಕಟ್ ಎಂಬ ಸದ್ದು ತಲೆಬುರುಡೆಯೊಳಗೇ ಕೇಳಿಸುತ್ತದೆ, ನೋವು ಆಗಬಾರದು. ನೋವಾದರೆ ಕೈ ಎತ್ತಿ ಹೇಳಿ, ಇನ್ನೊಂದಿಷ್ಟು ಮದ್ದು ಹಾಕುತ್ತಾರೆ. ಭಾಷೆ ಬಾರದಿದ್ದರೂ ಎತ್ತಿದ ಕೈ ಎಲ್ಲ ದೇಶದ ಡಾಕ್ಟರಿಗೂ ಅರ್ಥವಾಗುತ್ತದೆ.

ಭಯ ಪಡಬೇಕಾದ ಒಂದು ಸಂಗತಿ ಇದ್ದೇ ಇದೆ, ಮುಚ್ಚಿಡುವುದಿಲ್ಲ. ಕೆಳದವಡೆಯ ಮೂಳೆಯೊಳಗೆ ಒಂದು ನರ ಹಾದುಹೋಗುತ್ತದೆ, ಕೆಳತುಟಿ ಮತ್ತು ಗಲ್ಲಕ್ಕೆ ಸ್ಪರ್ಶ ಕೊಡುವುದು ಅದೇ. ಬುದ್ಧಿಹಲ್ಲಿನ ಬೇರು ಅದಕ್ಕೆ ತಾಗಿಕೊಂಡಿದ್ದರೆ ತೆಗೆಯುವಾಗ ನರ ನಲುಗಿ ಆ ಭಾಗ ಜೋಮು ಹಿಡಿದಂತೆ ಉಳಿಯಬಹುದು. ಹೆಚ್ಚಿನವರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ, ಶಾಶ್ವತವಾಗಿ ಉಳಿಯುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಓಪಿಜಿಯಲ್ಲಿ ಅನುಮಾನ ಬಂದರೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಮಾಡಿಸುತ್ತಾರೆ. ತೀರಾ ಹತ್ತಿರವಿದ್ದರೆ ಹಲ್ಲಿನ ತಲೆಯನ್ನಷ್ಟೇ ತೆಗೆದು ಬೇರನ್ನು ಅಲ್ಲೇ ಬಿಡುವ ದಾರಿಯೂ ಇದೆ. ಇದನ್ನೆಲ್ಲ ಡಾಕ್ಟರಲ್ಲಿ ಕೇಳುವ ಬದಲು ನಮ್ಮವರು ಕೇಳುವುದು, "ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತಾ?" ಆಗುವುದಿಲ್ಲ. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಮೇಲ್ದವಡೆಯ ಬುದ್ಧಿಹಲ್ಲಿನ ಮೇಲೆ ಇರುವುದು ಕಣ್ಣಲ್ಲ, ಸೈನಸ್ ಎಂಬ ಗಾಳಿಯ ಗೂಡು. ಅಲ್ಲಿ ಕಿತ್ತವರು ಕೆಲವು ದಿನ ಮೂಗು ಜೋರಾಗಿ ಸೀಟಬಾರದು, ಅಷ್ಟೆ.

ತೆಗೆದ ಮೇಲಿನ ಪಥ್ಯ ಗಲ್ಫಿನ ಬದುಕಿಗೆ ಸ್ವಲ್ಪ ಕಷ್ಟದ್ದೇ. ಹತ್ತಿಯ ಉಂಡೆಯನ್ನು ಅರ್ಧ ಗಂಟೆಯಾದರೂ ಕಚ್ಚಿ ಹಿಡಿಯಬೇಕು. ಮೊದಲ ದಿನ ಉಗುಳಬಾರದು, ಸ್ಟ್ರಾ ಹಾಕಿ ಹೀರಬಾರದು. ಹೀರಿದರೆ ಗಾಯವನ್ನು ಮುಚ್ಚಿದ ರಕ್ತದ ಹೆಪ್ಪು ಕಿತ್ತುಬರುತ್ತದೆ. ಸಿಗರೇಟು, ಶೀಶಾ ಎರಡೂ ಹೀರುವ ವ್ಯವಹಾರವೇ, ಜೊತೆಗೆ ಹೊಗೆ ಬೇರೆ. ಡ್ರೈ ಸಾಕೆಟ್ ಆದವರಲ್ಲಿ ವಾರಾಂತ್ಯಕ್ಕೆ ಶೀಶಾ ಬಿಡಲಾಗದವರು ಕಡಿಮೆಯಿಲ್ಲ. ಬಿಸಿ ಬಿಸಿ ಗಹ್ವಾ ಕಾಫಿ ಮೊದಲ ದಿನ ಬೇಡ. ರೂಮಿನಲ್ಲಿ ಯಾರಾದರೂ ಕುಚ್ಚಲಕ್ಕಿ ಗಂಜಿ ಮಾಡಿಕೊಟ್ಟರೆ ಆರಿಸಿ ಕುಡಿಯಬಹುದು. ಉಪ್ಪಿನಕಾಯಿಯನ್ನು ದೂರದಿಂದ ನೋಡಬೇಕು.

ರಂಜಾನ್ ತಿಂಗಳಲ್ಲಿ ಹಲ್ಲು ನೋವು ಬಂದರೆ ಉಪವಾಸ ಮುರಿಯುತ್ತದೆಂದು ಹೆದರಿ ತಿಂಗಳಿಡೀ ಸಹಿಸುವವರಿದ್ದಾರೆ. 1997ರಲ್ಲಿ ಜೆಡ್ಡಾದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ಹತ್ತನೇ ಅಧಿವೇಶನ ಇದನ್ನು ಚರ್ಚಿಸಿ, ಹಲ್ಲು ಕೊರೆಯುವುದು, ಕೀಳುವುದು, ಚೊಕ್ಕ ಮಾಡಿಸುವುದರಿಂದ ಉಪವಾಸ ಮುರಿಯುವುದಿಲ್ಲ, ಗಂಟಲಿಗೆ ಹೋದದ್ದನ್ನು ನುಂಗದಂತೆ ನೋಡಿಕೊಂಡರಾಯಿತು ಎಂದು ಹೇಳಿದೆ. ಆದರೆ ಕಿತ್ತ ಮೇಲಿನ ಮಾತ್ರೆ, ನೀರು, ಗಂಜಿ ಹಗಲಿನಲ್ಲೂ ಬೇಕಾಗುತ್ತದೆ. ತುರ್ತಿಲ್ಲದ ಆಪರೇಷನ್ನನ್ನು ರಂಜಾನಿಗೆ ಮೊದಲೇ ಮುಗಿಸಿಕೊಳ್ಳುವುದು ಸುಲಭ, ಇಲ್ಲವೇ ಈದ್ ಕಳೆದ ಮೇಲೆ.

ಕುಟುಂಬ ಸಮೇತ ಇಲ್ಲಿರುವವರಿಗೆ ಇನ್ನೊಂದು ಮಾತು. ಜುಬೈಲ್, ದಮ್ಮಾಮ್‌ನ ಇಂಡಿಯನ್ ಸ್ಕೂಲುಗಳಲ್ಲಿ ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳು ಕಾಲೇಜಿಗೆಂದು ಊರಿನ ಹಾಸ್ಟೆಲ್ ಸೇರುತ್ತಾರೆ. ಪರೀಕ್ಷೆಗೂ ಪ್ರವೇಶಕ್ಕೂ ನಡುವೆ ಸಿಗುವ ಎರಡು ಮೂರು ತಿಂಗಳಲ್ಲಿ, ಅಪ್ಪನ ವಿಮೆ ಇನ್ನೂ ಚಾಲ್ತಿಯಲ್ಲಿರುವಾಗಲೇ, ಹಲ್ಲಿನ ಡಾಕ್ಟರು ಬೇಕೆಂದರೆ ಒಂದು ಓಪಿಜಿ ತೆಗೆಸಿ ಅದರ ಪ್ರತಿಯನ್ನು ಮಗುವಿನ ಫೋನಿಗೆ ಕಳಿಸಿಬಿಡಿ.